ಬಿರಡೆ ಚಿಕ್ಕಮ್ಮ ಬಿಟ್ಟ ತೂತು

ನಮ್ಮ ಚಿಕ್ಕಮ್ಮನಿಗೆ ತೂತು ಕಂಡರಾಗದು. ಗೋಡೆಯಲ್ಲಾಗಲಿ, ಬಾಗಿಲ ಸಂದಿಯಲ್ಲಾಗಲಿ, ನನ್ನ ಸ್ವೆಟರಿನ ಮೊಣಕೈಯಲ್ಲಾಗಲಿ, ಎಲ್ಲೇ ತೂತು ಕಾಣಲಿ, ಅದನ್ನು ಮುಚ್ಚುವ ತನಕ ಅವಳಿಗೆ ಗಂಟಲಲ್ಲಿ ತುತ್ತು ಇಳಿಯದು. ಒಮ್ಮೆ ಬಸ್ಸಿನ ಕಿಟಕಿಯಿಂದ ಗಾಳಿ ಬರುತ್ತಿದೆಯೆಂದು ಕೈಚೀಲದಿಂದ ಟೇಪ್ ತೆಗೆದು ಸುತ್ತಲೂ ಅಂಟಿಸಿಬಿಟ್ಟಳು. ಆ ಕಿಟಕಿ ಆಮೇಲೆ ತೆರೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಮುಂದಿನ ಸ್ಟಾಪಿನಲ್ಲೇ ಇಳಿಯಬೇಕಾಯಿತು.

ಕೆಲಸದವರು ಅವಳಿಗೆ ಇಟ್ಟ ಹೆಸರು ಬಿರಡೆ. ಸೀಸೆಯ ಬಾಯಿಗೆ ಜಡಿಯುವ ಬಿರಡೆಯ ಹಾಗೇ ಆಳು ಗಿಡ್ಡ, ದುಂಡಗೆ, ಒಂದು ಕಡೆ ಕೂತಳೆಂದರೆ ಜಪ್ಪಯ್ಯ ಅಂದರೂ ಜಗ್ಗುವವಳಲ್ಲ. ಆ ಹೆಸರು ತನಗೆ ಗೊತ್ತಿಲ್ಲವೆಂಬಂತೆ ಅವಳು ನಟಿಸುತ್ತಾಳೆ. ಯಾರಾದರೂ ಹಿಂದಿನಿಂದ "ಬಿರಡೆ" ಎಂದರೆ ಮಾತ್ರ ತಕ್ಷಣ ತಿರುಗಿ ನೋಡುತ್ತಾಳೆ.

ಅವಳ ಕಸುಬು ಜನರ ಹಿತ್ತಿಲಲ್ಲಿ ಕೋಣೆ ಕಟ್ಟುವುದು. ಹಿತ್ತಿಲ ಕೋಣೆಯೆಂದರೆ ಪೊರಕೆ, ಗುದ್ದಲಿ ಎಸೆಯುವ ಗೂಡು ಎಂದುಕೊಂಡು ಬಂದವರಿಗೆ ಅವಳು ಮೊದಲು ಚಳಿ ಬಿಡಿಸುತ್ತಾಳೆ, ಆಮೇಲೆ ಕೋಣೆ ಕಟ್ಟಿ ಇನ್ನೊಮ್ಮೆ ಚಳಿ ಬಿಡಿಸುತ್ತಾಳೆ. "ಮನುಷ್ಯರು ಮಲಗಿ ಏಳೋ ಕೋಣೆ ಕಣ್ರೀ ಇದು! ಮನೆಗೆ ಯಾವ ನಿಯಮಾನೋ ಇದಕ್ಕೂ ಅದೇ ನಿಯಮ!" ಎಂದು ಶುರುಮಾಡಿದರೆ ಗ್ರಾಹಕರು ಕುರ್ಚಿಯ ತುದಿಗೆ ಬಂದು ಕೂರುತ್ತಾರೆ. ಗೋಡೆಯೊಳಗೆ ಚಳಿಯನ್ನೂ ಸದ್ದನ್ನೂ ತಡೆಯುವ ಗೇಣು ದಪ್ಪದ ಕಲ್ಲುಣ್ಣೆ, ನೆಲದಡಿಯಲ್ಲಿ ಉಣ್ಣೆ, ಸೂರಿನಲ್ಲೂ ಉಣ್ಣೆ. ಕಿಟಕಿಗೆ ಜೋಡಿ ಗಾಜು. ಹೊರಗಡೆ ವರ್ಷವರ್ಷವೂ ಬಣ್ಣ ಬಳಿಯುವ ರಗಳೆಯಿಲ್ಲದ ಹಲಗೆ. ಕೊಳೆಯಾದರೆ ಒಂದು ಬಕೆಟ್ ನೀರು ಎರಚಿದರೆ ಸಾಕು. ಉಸಿರಾಡಲು ಮುಚ್ಚಿ ತೆರೆಯುವ ಗಾಳಿಕಿಂಡಿ ಬೇರೆ ಇರುತ್ತದೆ. ಗಾಳಿ ನಾವು ಕರೆದಾಗ ಒಳಗೆ ಬರಬೇಕು, ತಾನಾಗಿ ನುಗ್ಗಬಾರದು ಎಂಬುದು ಅವಳ ವಾದ. ನೆಂಟರ ವಿಷಯದಲ್ಲೂ ಅವಳದು ಅದೇ ವಾದ.

ಮದುವೆ ಅವಳು ಮಾಡಿಕೊಳ್ಳಲಿಲ್ಲ. ಐವತ್ತು ದಾಟಿತು. ಅವಳ ಅಕ್ಕನ ಮಗಳಾದ ನಾನು ಅವಳ ಬಳಿ ವೈರಿಂಗ್ ಕೆಲಸ ಮಾಡುತ್ತೇನೆ. ತಂತಿ ಎಳೆಯಲು ನಾನು ಗೋಡೆ ಕೊರೆದಾಗಲೆಲ್ಲ ಅವಳು ಮುಖ ಕಿವುಚಿಕೊಂಡು ನಿಂತಿರುತ್ತಾಳೆ. ಕೊರೆದದ್ದೇ ತಡ, ತೂತಿನೊಳಗೆ ಉಬ್ಬಿ ಗಟ್ಟಿಯಾಗುವ ಫೋಮಿನ ಡಬ್ಬ ಹಿಡಿದು ಹಾಜರು. ಒಮ್ಮೆ ನನ್ನ ತೋರುಬೆರಳನ್ನೂ ಸೇರಿಸಿ ಮುಚ್ಚಿದ್ದಾಳೆ.

ಈಗ ಫ್ಯಾನ್ ಸಾಹೇಬರ ವಿಷಯಕ್ಕೆ ಬರುತ್ತೇನೆ.

ಕೋಣೆ ಮುಗಿದ ಮೇಲೆ ಅದು ಜನ ವಾಸ ಮಾಡಲು ಯೋಗ್ಯವೇ ಎಂದು ನೋಡಲು ಕಚೇರಿಯಿಂದ ಬರುತ್ತಾರೆ. ಬಾಗಿಲ ಚೌಕಟ್ಟಿಗೆ ಕೆಂಪು ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿ, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತಾರೆ. ಗೋಡೆಯಲ್ಲಿ ಎಲ್ಲಾದರೂ ಸಂದಿಯಿದ್ದರೆ ಹೊರಗಿನ ಗಾಳಿ ಸುಂಯ್ ಎಂದು ನುಗ್ಗುತ್ತದೆ, ಮೀಟರಿನ ಮುಳ್ಳು ಏರುತ್ತದೆ, ಕೋಣೆ ಫೇಲು. ಈ ಫ್ಯಾನು ಹೊತ್ತು ಬರುವವರೇ ಫ್ಯಾನ್ ಸಾಹೇಬರು. ಸಣಕಲು ದೇಹ, ಇಸ್ತ್ರಿ ಮಾಡಿದ ಅಂಗಿ, ತುಟಿ ಬಿಚ್ಚಿದರೆ ಬಡ್ಡಿ ಕಟ್ಟಬೇಕೇನೋ ಎಂಬಂತೆ ಅಳೆದು ತೂಗಿದ ಮಾತು. ಅವರೂ ಮದುವೆಯಾದವರಲ್ಲ. ಒಡಹುಟ್ಟಿದ ತಮ್ಮನ ಕೋಣೆಯನ್ನೇ ಫೇಲು ಮಾಡಿ ಎರಡು ಮನೆಗಳ ಮಾತುಕತೆ ನಿಲ್ಲಿಸಿಕೊಂಡ ನಿಷ್ಠುರದ ಮನುಷ್ಯ.

ಚಿಕ್ಕಮ್ಮನ ಕೋಣೆಯೋ ಯಾವಾಗಲೂ ಪಾಸು. ಫ್ಯಾನು ಹಾಕಿದ ಕೂಡಲೇ ಮುಳ್ಳು ಮಲಗಿಬಿಡುತ್ತಿತ್ತು. "ಪಾಸು ಮೇಡಂ" ಎನ್ನುತ್ತಿದ್ದರು ಅವರು. "ಥ್ಯಾಂಕ್ಸ್ ಸಾರ್" ಎನ್ನುತ್ತಿದ್ದಳು ಇವಳು. ಅಲ್ಲಿಗೆ ಮುಗಿಯಿತು. ಬೇರೆಯವರ ಸೋರುವ ಕೋಣೆಗಳಲ್ಲಿ ಸಾಹೇಬರು ಅರ್ಧ ದಿನ ಕಳೆಯುತ್ತಿದ್ದರು, ಚಹಾ ಕುಡಿಯುತ್ತಿದ್ದರು, ವಾರ ಬಿಟ್ಟು ಮತ್ತೆ ಹೋಗುತ್ತಿದ್ದರು. ನಮ್ಮಲ್ಲಿ ಮಾತ್ರ ಫ್ಯಾನು ಇಳಿಸಲಿಕ್ಕೂ ಏರಿಸಲಿಕ್ಕೂ ಬೇಕಾದಷ್ಟೇ ಹೊತ್ತು. ಆದರೂ ಅವರು ಬರುವ ದಿನ ಚಿಕ್ಕಮ್ಮ ತಲೆಗೂದಲಿನ ಮರದಪುಡಿ ಕೊಡವಿ ಬಾಚಿಕೊಳ್ಳುತ್ತಿದ್ದಳು. ಅವರೂ ಹೊರಡುವ ಮೊದಲು ಬಾಗಿಲ ಚೌಕಟ್ಟನ್ನು ಬೇಕಿಲ್ಲದಿದ್ದರೂ ಒಮ್ಮೆ ಸವರಿ ನೋಡುತ್ತಿದ್ದರು. ಇದು ವರ್ಷಗಟ್ಟಲೆ ನಡೆಯಿತು. ನೋಡಿ ನೋಡಿ ನನಗೇ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಹೀಗಿರುವಾಗ ಸಾಹೇಬರಿಗೆ ವರ್ಗವಾಯಿತು. ದೂರದ ದೊಡ್ಡ ಕಚೇರಿಗೆ. ಇನ್ನು ಮುಂದೆ ಫ್ಯಾನು ಬೇರೆ ಯಾರೋ ತರುತ್ತಾರೆ. ಅವರು ಹೋಗುವ ಮೊದಲು ನಮ್ಮ ಪಾಲಿಗೆ ಉಳಿದದ್ದು ಒಂದೇ ಒಂದು ಕೋಣೆಯ ಪರೀಕ್ಷೆ. ಫೇಲು ಮಾಡಿದವರೇ ಮತ್ತೆ ಬಂದು ನೋಡಿ ಪಾಸು ಮಾಡದೆ ಜಾಗ ಬಿಡುವಂತಿಲ್ಲ ಎಂಬ ನಿಯಮ ಕಚೇರಿಯಲ್ಲಿದೆ. ಆ ನಿಯಮ ಚಿಕ್ಕಮ್ಮನಿಗೂ ಗೊತ್ತಿತ್ತು.

ಆ ಕೊನೆಯ ಕೋಣೆ ಒಬ್ಬ ನಿವೃತ್ತ ಗುಮಾಸ್ತರದು. ನಿವೃತ್ತಿಯಾದ ಮರುದಿನವೇ ಆ ಪುಣ್ಯಾತ್ಮ ಕ್ಲಾರಿನೆಟ್ ಕಲಿಯತೊಡಗಿದ್ದರು. ಕೋಣೆ ಬೇಕೆಂದು ಬಂದದ್ದು ಮಾತ್ರ ಅವರ ಹೆಂಡತಿ.

"ನೋಡಮ್ಮ, ಆ ಪೀಪಿ ಒಳಗೇ ಇರ್ಬೇಕು. ಹೊರಗೆ ಒಂದು ಚೂರೂ ಬರಬಾರದು" ಎಂದರು ಆಕೆ.

"ಬರಲ್ಲಮ್ಮ. ಉಸಿರಾಡೋಕೆ ಮಾತ್ರ ಒಂದು ಕಿಂಡಿ ಇಡ್ತೀವಿ" ಎಂದಳು ಚಿಕ್ಕಮ್ಮ.

"ಅದು ಬೇಕೇ ಬೇಕಾ? ಸ್ವಲ್ಪ ಯೋಚ್ನೆ ಮಾಡಿ ನೋಡಿ" ಎಂದರು ಆಕೆ.

ಕೋಣೆ ಎದ್ದಿತು. ಪರೀಕ್ಷೆಯ ದಿನ ಬೆಳಿಗ್ಗೆ ನಾನು ಕೊನೆಯದಾಗಿ ಸ್ವಿಚ್ ಬೋರ್ಡು ಬಿಚ್ಚಿ ನೋಡಿದೆ. ಬೋರ್ಡಿನ ಹಿಂದೆ, ಉಣ್ಣೆ ಸೀಳಿಕೊಂಡು ಹೊರಗಿನ ಹಲಗೆಯನ್ನೂ ದಾಟಿದ ಒಂದು ತೂತು. ಅದೂ ಎಂಥ ತೂತು! ಇಲಿಯೊಂದು ಸಂಸಾರ ಸಮೇತ ಹೋಗಿ ಬರಬಹುದು. ಕೂಡಲೇ ಫೋಮ್ ಡಬ್ಬ ಎತ್ತಿಕೊಂಡೆ. ಹಿಂದಿನಿಂದ ಚಿಕ್ಕಮ್ಮನ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಮುಟ್ಬೇಡ ಅದನ್ನ" ಎಂದಳು.

"ತೂತು ಕಣೇ ಚಿಕ್ಕಮ್ಮ! ಇಷ್ಟು ದೊಡ್ಡದು!"

"ಗೊತ್ತು."

"ಗೊತ್ತಾ? ಫೇಲ್ ಆಗುತ್ತೆ ಕಣೇ!"

"ಆಗ್ಲಿ" ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಕಿವಿಗಳು ಕೆಂಪಗಾಗಿದ್ದವು. ಆಗ ನನಗೆ ಹೊಳೆಯಿತು. ಜೀವಮಾನದಲ್ಲಿ ತೂತು ಬಿಟ್ಟು ಅಭ್ಯಾಸವಿಲ್ಲದವಳು, ಎಷ್ಟು ಬಿಡಬೇಕೆಂದು ತಿಳಿಯದೆ ಮುಷ್ಟಿ ತೂರುವಷ್ಟು ಬಿಟ್ಟಿದ್ದಳು. ನನಗೆ ಅಳು ಬಂತು, ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಬಿಟ್ಟಿದ್ದೇ ಬಿಟ್ಟೆ, ನನ್ನ ಸ್ವಿಚ್ ಬೋರ್ಡ್ ಹಿಂದೆನೇ ಬಿಡ್ಬೇಕಿತ್ತಾ? ಎಲ್ರೂ ನಂದೇ ತಪ್ಪು ಅನ್ಕೊಳ್ಳಲ್ವಾ?"

"ಅದಕ್ಕೇ ಅಲ್ಲಿ ಬಿಟ್ಟಿದ್ದು" ಎಂದಳು ನನ್ನ ಚಿಕ್ಕಮ್ಮ, ಒಂದಿಷ್ಟೂ ನಾಚಿಕೆಯಿಲ್ಲದೆ.

ಸಾಹೇಬರು ಬಂದರು. ಚಿಕ್ಕಮ್ಮ ಹಿತ್ತಿಲ ಮೂಲೆಗೆ ಹೋಗಿ, ಆಗಲೇ ಜೋಡಿಸಿಟ್ಟಿದ್ದ ಹಲಗೆಗಳನ್ನು ಕೆಡವಿ ಮತ್ತೆ ಜೋಡಿಸತೊಡಗಿದಳು. ಒಳಗೆ ಸಾಹೇಬರು ಮತ್ತು ಕರೆಂಟು ನೋಡಿಕೊಳ್ಳಲು ನಾನು. ಕೆಂಪು ಪರದೆ ಬಿಗಿದಾಯಿತು. ಫ್ಯಾನು ಗುಂಯ್ ಎಂದಿತು. ಮುಳ್ಳು ಎದ್ದಿತು, ಏರಿತು, ಮಲಗುವ ಸುಳಿವೇ ಇಲ್ಲ.

ಸಾಹೇಬರು ಮೀಟರಿಗೆ ಒಂದು ತಟ್ಟಿದರು. ಮುಳ್ಳು ಇಳಿಯಲಿಲ್ಲ. ಚಿಕ್ಕಮ್ಮನ ಕೋಣೆ ಸೋರುತ್ತದೆಯೆಂದು ನಂಬುವುದಕ್ಕಿಂತ ಮೀಟರು ಕೆಟ್ಟಿದೆಯೆಂದು ನಂಬುವುದು ಅವರಿಗೆ ಸುಲಭವಾಗಿತ್ತು. ಕೊನೆಗೆ ತೆಳ್ಳನೆಯ ಕಾಗದದ ಚೂರು ಹಿಡಿದು ಗೋಡೆಯುದ್ದಕ್ಕೂ ನಡೆದರು. ಸ್ವಿಚ್ ಬೋರ್ಡಿನ ಬಳಿ ಬಂದಾಗ ಕಾಗದ ಪಟಪಟನೆ ಹೊಡೆದುಕೊಂಡಿತು.

"ಸ್ಕ್ರೂಡ್ರೈವರ್ ಕೊಡಮ್ಮ" ಎಂದರು. ಸಂತೋಷದಿಂದ ಕೊಟ್ಟೆ. ಬೋರ್ಡು ಬಿಚ್ಚಿದರು. ತೂತು ನೋಡಿದರು.

ಒಂದು ಗಳಿಗೆ ಕಿಟಕಿಯತ್ತ ನೋಡಿದರು. ಹೊರಗೆ ಚಿಕ್ಕಮ್ಮ ಬೆನ್ನು ತಿರುಗಿಸಿ ಹಲಗೆ ಜೋಡಿಸುತ್ತಿದ್ದಳು. ಆಮೇಲೆ ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು ಮಡಿಸಿ ಆ ತೂತಿಗೆ ತುರುಕಿದರು! ಮುಳ್ಳು ಸ್ವಲ್ಪ ಇಳಿಯಿತು, ಸಾಲಲಿಲ್ಲ. ನೆಲದ ಮೇಲೆ ಕೂತು ಬೂಟು ಬಿಚ್ಚಿದರು. ಎಡಗಾಲಿನ ಕಾಲುಚೀಲ ತುರುಕಿದರು. ಇನ್ನೂ ಸಾಲದು. ಬಲಗಾಲಿನದನ್ನೂ ಎಳೆದು ತುರುಕಿ, ಹೆಬ್ಬೆರಳಿನಿಂದ ಒತ್ತಿದರು. ಮುಳ್ಳು ಮಲಗಿತು.

"ಸಾರ್, ಅದು ಬೇಕಂತಲೇ..." ಎಂದು ನಾನು ಫ್ಯಾನಿನ ಸದ್ದಿನ ಮೇಲೆ ಕಿರುಚಿದೆ.

"ಏನ್ ಬೇಕು? ಬೇಡಮ್ಮ, ಚಹಾ ಏನೂ ಬೇಡ" ಎಂದು ಅವರೂ ಕಿರುಚಿದರು. ಮತ್ತೆ ನನ್ನ ಕಿವಿಯ ಬಳಿ ಬಗ್ಗಿ, "ಯಾರಿಗೂ ಹೇಳ್ಬೇಡ. ನಾಳೆ ನೀನೇ ಬಂದು ಫೋಮ್ ತುಂಬಿಬಿಡು. ಇಷ್ಟು ವರ್ಷ ಉಳಿಸ್ಕೊಂಡು ಬಂದಿರೋ ಹೆಸರು. ಕೊನೇ ದಿನ ನನ್ನ ಕೈಯಿಂದ ಅವರಿಗೆ ಫೇಲ್ ಅಂತ ಬರೆಯೋಕಾಗಲ್ಲಮ್ಮ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ತಮ್ಮನನ್ನೇ ಬಿಡದ ಮನುಷ್ಯ! ನಾನು ಬಾಯಿ ತೆರೆಯುವಷ್ಟರಲ್ಲಿ ಬೋರ್ಡು ಮುಚ್ಚಿ, ಫ್ಯಾನು ನಿಲ್ಲಿಸಿ, ಪರದೆ ಬಿಚ್ಚಿ ಹೊರಗೆ ನಡೆದಿದ್ದರು.

"ಪಾಸು ಮೇಡಂ" ಎಂದರು.

ಚಿಕ್ಕಮ್ಮನ ಕೈಯಲ್ಲಿದ್ದ ಹಲಗೆ ಕೆಳಗೆ ಬಿತ್ತು.

"ಪಾಸಾ? ಸರಿಯಾಗಿ ನೋಡಿದ್ರಾ ಸಾರ್?"

"ನೋಡ್ದೆ."

"ಮೂಲೆ ಮೂಲೆ?"

"ಮೂಲೆ ಮೂಲೇನೂ ನೋಡ್ದೆ."

"ಇನ್ನೊಂದ್ಸಲ ನೋಡಿ ಸಾರ್. ನನಗ್ಯಾಕೋ ಅನುಮಾನ."

"ನಿಮ್ಮ ಕೆಲಸದಲ್ಲಿ ಅನುಮಾನ ಪಡೋದೇನಿದೆ ಮೇಡಂ" ಎಂದರು ಸಾಹೇಬರು. ಫ್ಯಾನು ಹೊತ್ತುಕೊಂಡು ವ್ಯಾನಿನ ಕಡೆ ಹೊರಟರು. ಬರಿಗಾಲಿಗೆ ಬೂಟು ಹಾಕಿದ್ದರಿಂದ ಹೆಜ್ಜೆಹೆಜ್ಜೆಗೂ ಪಚಕ್ ಪಚಕ್ ಎನ್ನುತ್ತಿತ್ತು.

ಇತ್ತ ಗುಮಾಸ್ತರು ಪಾಸೆಂಬ ಮಾತು ಕೇಳಿದ್ದೇ ತಡ ಕ್ಲಾರಿನೆಟ್ ಹಿಡಿದು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಕಿಟಕಿಯಲ್ಲಿ ಅವರ ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಹೊರಗೆ ಮಾತ್ರ ಸದ್ದಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವರ ಹೆಂಡತಿ ಚಪ್ಪಾಳೆ ತಟ್ಟಿದರು. "ಕೇಳಿಸ್ತಾನೇ ಇಲ್ಲ! ನಿಮ್ಮ ಹೊಟ್ಟೆ ತಣ್ಣಗಿರ್ಲಿ ಕಣಮ್ಮ!"

ಚಿಕ್ಕಮ್ಮ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

"ಏನೇ ನಡೀತು ಒಳಗೆ?"

"ನನ್ನನ್ನ ಕೇಳ್ಬೇಡ. ಯಾರಿಗೂ ಹೇಳ್ಬಾರ್ದಂತೆ" ಎಂದೆ.

ಅಷ್ಟು ಸಾಕಾಯಿತು. ಅವಳು ನನ್ನ ಸೊಂಟದಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಒಳಗೆ ಹೋದಳು. ಗುಮಾಸ್ತರು ಊದುವುದು ನಿಲ್ಲಿಸಲಿಲ್ಲ, ಅವಳೂ ಅವರನ್ನು ಲೆಕ್ಕಕ್ಕಿಡಲಿಲ್ಲ. ಸ್ವಲ್ಪ ಹೊತ್ತಿಗೆ ತೂತಿನಿಂದ ಪೀಪಿಯ ಸದ್ದು ಹಿತ್ತಿಲಿಗೆ ಚಿಮ್ಮಿತು. "ಅಯ್ಯೋ, ಬಂತು! ಬಂತು!" ಎಂದು ಅಡುಗೆಮನೆಯಿಂದ ಕೂಗು ಕೇಳಿತು. ಅದರ ಹಿಂದೆಯೇ ಚಿಕ್ಕಮ್ಮ ಹೊರಗೆ ಬಂದಳು. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಎರಡು ಕಾಲುಚೀಲ. ಮುಖ ಕೆಂಡದಂತಾಗಿತ್ತು. ಸಾಹೇಬರು ವ್ಯಾನಿನ ಬಾಗಿಲು ತೆರೆದು, ನಮ್ಮ ಕಡೆ ಬೆನ್ನು ಮಾಡಿ ಫ್ಯಾನು ಒಳಗಿಡುತ್ತಿದ್ದರು.

"ರೀ!" ಎಂದು ಚಿಕ್ಕಮ್ಮ ಕೂಗಿದಳು. ಸಾರ್ ಇಲ್ಲ, ಏನಿಲ್ಲ. ಬರೀ "ರೀ!"

"ಏನೇ?" ಎಂದರು ಸಾಹೇಬರು, ತಿರುಗದೆಯೇ.

ಅವರ ಕೈ ಫ್ಯಾನಿನ ಮೇಲೆ ಹಾಗೆಯೇ ನಿಂತಿತು. ಚಿಕ್ಕಮ್ಮನ ಕಾಲು ಹುಲ್ಲಿನ ಮೇಲೆ ಹಾಗೆಯೇ ನಿಂತಿತು. ಒಳಗೆ ಕ್ಲಾರಿನೆಟ್ ಕೂಡ, ಉಸಿರು ಮುಗಿಯಿತೋ ಏನೋ, ಸುಮ್ಮನಾಯಿತು. ಮದುವೆಯೇ ಆಗದ ಮನುಷ್ಯನ ಬಾಯಿಗೆ ಆ "ಏನೇ" ಎಲ್ಲಿಂದ ಬಂತು? ಅಷ್ಟು ಸಲೀಸಾಗಿ ಬರಬೇಕಾದರೆ ವ್ಯಾನು ಓಡಿಸುತ್ತ, ಒಬ್ಬನೇ ಅಡುಗೆ ಮಾಡಿಕೊಳ್ಳುತ್ತ, ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದರೋ.

ಸಾಹೇಬರು ನಿಧಾನವಾಗಿ ತಿರುಗಿದರು. ಕಾಲುಚೀಲ ನೋಡಿದರು.

"ಮೇಡಂ... ಅಂದ್ರೆ... ಫೇಲ್ ಮಾಡ್ಲಾ?" ಎಂದರು.

"ಮತ್ತೆ ಇನ್ನೇನ್ರೀ! ಯಾರು ಮುಚ್ಚೋಕೆ ಹೇಳಿದ್ರು ನಿಮಗೆ? ನೀವು ಇನ್ನೊಂದ್ಸಲ ಬರ್ಲಿ ಅಂತ ಎದೆ ಗಟ್ಟಿ ಮಾಡ್ಕೊಂಡು ಬಿಟ್ಟಿದ್ದ ತೂತು ಅದು!"

ಹೇಳಿಬಿಟ್ಟಳು. ಇಡೀ ಹಿತ್ತಿಲಿಗೆ ಕೇಳುವಂತೆ ಹೇಳಿಬಿಟ್ಟಳು. ಹೇಳಿದ ಮೇಲೆ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಳ್ಳಹೋಗಿ, ಕೈಯಲ್ಲಿರುವುದು ಏನೆಂದು ನೆನಪಾಗಿ ಸರಕ್ಕನೆ ಕೆಳಗಿಳಿಸಿದಳು. ಸಾಹೇಬರು ಹೂಂ ಎಂಬಂತೆ ತಲೆಯಾಡಿಸಿದರು, ಮತ್ತೆ ಮತ್ತೆ.

ಚಿಕ್ಕಮ್ಮ ಅವರ ಹತ್ತಿರ ಹೋಗಿ ಕಾಲುಚೀಲಗಳಿಗೆ ಅಂಟಿದ್ದ ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಕೊಡವಿ, ಅವರ ಕೈಗಿಟ್ಟಳು.

"ಮೊದ್ಲು ಇದನ್ನ ಹಾಕ್ಕೊಳ್ಳಿ. ಕಾಲು ತಣ್ಣಗಾಗುತ್ತೆ" ಎಂದಳು.