ಅಂಪೈರ್ ಕೈಯಲ್ಲಿ ಗಂಡನ ದನಿ

ನಿಮಗೂ ಹೀಗಾಗಿದೆಯಾ? ಹೊಸ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಅಂಗಡಿಯಿಂದ ಹೊರಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಕರೆದು, "ಮೇಡಂ, ಇದಕ್ಕೆ ಬೇರೆ ಪ್ಲಾನ್ ಹಾಕಿಸ್ತೀರಾ?" ಎಂದು ಕೇಳಿದ್ದಾರಾ? ಫೋನಿಗೊಂದು ಪ್ಲಾನ್, ಮನೆಯ ವೈಫೈಗೊಂದು ಪ್ಲಾನ್, ಈಗ ಗಡಿಯಾರಕ್ಕೂ ಒಂದಾ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೀರಾ? ನಾನೂ ಬೈದುಕೊಂಡಿದ್ದೆ. ಆ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಒಬ್ಬನ ತಲೆ ಒಡೆದಿತ್ತು, ನನ್ನ ಎಡಗೈ ಮುರಿದಿತ್ತು.

ಹೋದ ವರ್ಷದ ಬೇಸಿಗೆಯ ಮಾತು. ನಾನು ಆಗಲೂ ಈಗಲೂ ಅಮ್ಮತ್ತಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಟೀಚರ್. ಬೇಸಿಗೆ ರಜೆ ಬಂತೆಂದರೆ ಊರೂರಿನ ಹಾಕಿ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತೇನೆ. ಗಂಡಸರ ಮ್ಯಾಚಿಗೆ ಹೆಂಗಸು ಅಂಪೈರಾ ಎಂದು ಮೂಗು ಮುರಿದವರು ಮೊದಮೊದಲು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಕೆಲವರಿಗೆ ಯೆಲ್ಲೋ ಕಾರ್ಡ್ ತೋರಿಸಿ ಹೊರಗೆ ಕೂರಿಸಿದ ಮೇಲೆ ಮೂಗುಗಳು ತಾವಾಗಿಯೇ ನೆಟ್ಟಗಾದವು.

ವಾಚ್ ಕೊಡಿಸಿದ್ದು ನನ್ನ ಗಂಡ ಮಂಜುನಾಥ. ಹಾರಂಗಿ ಹತ್ತಿರ ನಮ್ಮದು ಶುಂಠಿ, ಜೋಳದ ಜಮೀನು. ಅವರು ಅಲ್ಲಿ, ನಾನು ವಾರವಿಡೀ ಸ್ಕೂಲಿನ ಕ್ವಾರ್ಟರ್ಸಿನಲ್ಲಿ. ಕುಶಾಲನಗರದ ಅಂಗಡಿಯವನು ಎರಡು ಥರದ ವಾಚ್ ಇವೆ ಎಂದು ಬಿಡಿಸಿ ಹೇಳಿದ. ಒಂದು ಬ್ಲೂಟೂತ್‌ದು. ಅದು ಫೋನಿನ ಬಾಲ. ಫೋನ್ ಹತ್ತಿರ ಇದ್ದರೆ ಕರೆ, ಮೆಸೇಜು ಎಲ್ಲ ಬರುತ್ತದೆ. ನಾಲ್ಕು ಹೆಜ್ಜೆ ದೂರ ಹೋದರೆ ಬರೀ ಗಡಿಯಾರ. ಇನ್ನೊಂದು ಸೆಲ್ಯುಲರ್‌ದು. ಅದರೊಳಗೇ ಇ-ಸಿಮ್ ಇರುತ್ತದೆ, ಅಂದರೆ ಕಣ್ಣಿಗೆ ಕಾಣದ ಸಿಮ್. ನಿಮ್ಮದೇ ನಂಬರು, ಆದರೆ ಫೋನ್ ಎಲ್ಲೇ ಬಿದ್ದಿರಲಿ, ವಾಚಿನಲ್ಲೇ ಮಾತಾಡಬಹುದು. ಅದಕ್ಕೆ ತಿಂಗಳು ತಿಂಗಳು ಬೇರೆ ಪ್ಲಾನ್ ಬೇಕು. ಮಂಜುನಾಥ ಎರಡನೆಯದನ್ನೇ ತೆಗೆದರು. ಮೊದಲ ಮೂರು ತಿಂಗಳ ಪ್ಲಾನ್ ಪುಕ್ಕಟೆಯಾಗಿ ಬಂತು.

ಆ ಮೂರು ತಿಂಗಳು ಮುಗಿಯುವ ವಾರವೇ ಪಂದ್ಯದ ಫೈನಲ್. ಮುಂದುವರಿಸುತ್ತೀರಾ, ನಿಲ್ಲಿಸುತ್ತೀರಾ ಎಂದು ಕಂಪನಿಯಿಂದ ಮೆಸೇಜ್ ಬಂದಿತ್ತು. ಶನಿವಾರ ಫೋನಿನಲ್ಲಿ ನಮ್ಮಿಬ್ಬರಿಗೂ ಅದೇ ಜಗಳ.

"ಇರ್ಲಿ ಬಿಡೇ. ನೀನು ಗ್ರೌಂಡಿಗೆ ಇಳುದ್ರೆ ಫೋನ್ ಬ್ಯಾಗಲ್ಲಿ. ಸತ್ತಿದ್ದೀಯೋ ಬದುಕಿದ್ದೀಯೋ ಗೊತ್ತಾಗಕಿಲ್ಲ."

"ಗೊತ್ತಾಗಿ ಏನ್ ಮಾಡ್ತೀರಿ? ಟವೆಲ್ ಎಲ್ಲಿ, ಸಕ್ಕರೆ ಡಬ್ಬ ಎಲ್ಲಿ ಅಂತ ಕೇಳಕ್ಕೆ ತಾನೇ?"

ಸೋಮವಾರ ನಿಲ್ಲಿಸಿಬಿಡೋಣ ಎಂದುಕೊಂಡೆ. ಫೈನಲ್ ಇದ್ದದ್ದು ಭಾನುವಾರ.

ಎರಡು ಅಕ್ಕಪಕ್ಕದ ಊರುಗಳ ತಂಡ. ಹೆಸರು ಬೇಡ, ಮೇಲಿನೂರು ಮತ್ತು ಕೆಳಗಿನೂರು ಎನ್ನೋಣ. ಮೇಲಿನೂರಿನ ಕ್ಯಾಪ್ಟನ್ ಬೆಳ್ಯಪ್ಪ, ಕೆಳಗಿನೂರಿನ ಗೋಲ್‌ಕೀಪರ್ ರಫೀಕ್. ಇಬ್ಬರೂ ಸ್ಕೂಲಿನಲ್ಲಿ ನನ್ನ ಹತ್ತಿರವೇ ಸ್ಟಿಕ್ ಹಿಡಿಯಲು ಕಲಿತವರು. ಬೆಳ್ಯಪ್ಪ ಈಗ ಎಸ್ಟೇಟ್ ನೋಡಿಕೊಳ್ಳುತ್ತಾನೆ, ರಫೀಕ್ ಜೀಪ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಜನ ಕಬ್ಬಿಣದ ಪೈಪಿನ ಗ್ಯಾಲರಿ ಮುರಿಯುವಷ್ಟು ಸೇರಿದ್ದರು. ಗೇಟಿನಿಂದ ಟಾರ್ ರಸ್ತೆಯವರೆಗೂ ಜೀಪು, ಪಿಕಪ್.

ಆಟ ಶುರುವಿನಿಂದಲೇ ಕೆಟ್ಟಿತ್ತು. ಮೊದಲ ಕ್ವಾರ್ಟರಿನಲ್ಲೇ ಕೆಳಗಿನೂರಿನ ಒಬ್ಬನ ಗದ್ದ ಸೀಳಿತು. ಮೂರನೆಯದರಲ್ಲಿ ಮೇಲಿನೂರಿನವನ ಮೊಣಕಾಲಿಗೆ ಬೇಕೆಂದೇ ಹೊಡೆದರು. ಹೊಡೆದವನನ್ನು ಹೊರಗೆ ಕಳಿಸಿದೆ. ಇನ್ನೊಬ್ಬ ಅಂಪೈರ್ ಪೂವಯ್ಯನವರು, ನಿವೃತ್ತ ಸೈನಿಕರು, ನನ್ನ ಪಕ್ಕ ಓಡಿ ಬಂದು, "ಸುಮಾ, ಇವತ್ತು ಕಾರ್ಡಿಗೆ ಬಗ್ಗೋ ಜನ ಅಲ್ಲ ಇವ್ರು," ಎಂದು ಹೇಳಿ ಹೋದರು.

ಕೊನೆಯ ನಿಮಿಷ. ಕೆಳಗಿನೂರು ಎರಡು, ಮೇಲಿನೂರು ಒಂದು. ಮೇಲಿನೂರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗೋಲಿನ ಮುಂದೆ ಅರ್ಧ ವೃತ್ತದ ಗೆರೆ ಇರುತ್ತದೆ. ಪೆನಾಲ್ಟಿ ಕಾರ್ನರಿನಲ್ಲಿ ಬಾಲ್ ಒಮ್ಮೆ ಆ ಗೆರೆಯಿಂದ ಆಚೆ ಹೋಗಲೇಬೇಕು, ಆಮೇಲೆ ಒಳಗೆ ತಂದು ಹೊಡೆದರೆ ಮಾತ್ರ ಗೋಲು. ಬೆಳ್ಯಪ್ಪ ಆತುರದಲ್ಲಿ ಗೆರೆಯೊಳಗೇ ಬಾಲ್ ನಿಲ್ಲಿಸಿ ಹೊಡೆದ. ಬಾಲ್ ನೆಟ್ಟಿಗೆ ಹೋಯಿತು. ಗ್ಯಾಲರಿ ಎದ್ದು ನಿಂತಿತು. ನಾನು ಶಿಳ್ಳೆ ಊದಿ ಕೈ ಅಡ್ಡ ಬೀಸಿದೆ. ಗೋಲ್ ಇಲ್ಲ. ಇವತ್ತು ಕೇಳಿದರೂ ಅದೇ ತೀರ್ಪು.

ಟೈಮ್ ನಿಲ್ಲಿಸಲು ವಾಚಿನ ಪರದೆ ಒತ್ತಿದೆ. ಅದೇ ಕ್ಷಣಕ್ಕೆ ಕರೆ ಬಂದು, ಸ್ಟಾಪ್ ಬಟನ್ ಇದ್ದ ಜಾಗದಲ್ಲಿ ಹಸಿರು ಬಟನ್ ಬಂದಿದೆ. ತೀರ್ಪು ಕೇಳಿ ಮೈದಾನವೆಲ್ಲ ಉಸಿರು ಹಿಡಿದಿದ್ದ ಆ ಹೊತ್ತಿನಲ್ಲಿ ನನ್ನ ಮಣಿಕಟ್ಟಿನಿಂದ ಗಂಡಸಿನ ದನಿ ಬಂತು.

"ಸುಮಾ, ಪಂಪ್‌ಹೌಸ್ ಕೀ ಎಲ್ ಮಡಗಿದ್ದೀಯೇ?"

ಮಾತು ಏನೆಂದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಗೋಲು ಕೊಡದ ಅಂಪೈರಿನ ಕೈಯೊಳಗೆ ಒಬ್ಬ ಗಂಡಸು ಮಾತಾಡುತ್ತಿದ್ದಾನೆ, ಅಷ್ಟು ಸಾಕಾಯಿತು.

ಬೆಳ್ಯಪ್ಪ ಸ್ಟಿಕ್ ನೆಲಕ್ಕೆ ಕುಕ್ಕಿದ. "ಯಾರು ಟೀಚರೇ ಅದು? ಯಾರು ಹೇಳ್ಕೊಡ್ತಾ ಇರೋದು?"

"ನಮ್ಮ ಯಜಮಾನ್ರು ಕಣೋ."

"ಯಜಮಾನ್ರಿಗೆ ಎಷ್ಟು ಕೊಟ್ರಂತೆ ಕೆಳಗಿನೂರೋರು?"

ರೆಡ್ ಕಾರ್ಡ್ ತೆಗೆಯಲು ಜೇಬಿಗೆ ಕೈ ಹಾಕಿದೆ. ಕಾರ್ಡ್ ಹೊರಗೆ ಬರಲೇ ಇಲ್ಲ. ಹಿಂದಿನಿಂದ ಯಾರೋ ತಳ್ಳಿದರು. ಗ್ಯಾಲರಿಯಿಂದ ಜನ ಧುಮುಕುವ ಸದ್ದು ಕೇಳಿತು. "ವಾಚ್ ಕಿತ್ಕೊಳ್ರೋ! ಕಾಲ್ ಲಿಸ್ಟ್ ನೋಡ್ರೋ!" ಎಂಬ ಕೂಗು. ಪೂವಯ್ಯನವರು ನನ್ನ ಮುಂದೆ ಕೈ ಚಾಚಿ ನಿಂತರು. ಒಂದು ಸ್ಟಿಕ್ ಅವರ ಹೆಗಲ ಮೇಲೆ ಇಳಿಯಿತು. ಕಾಲರ್ ಬೋನ್ ಲಟ್ಟೆಂದದ್ದು ನನಗೆ ಕೇಳಿಸಿತು. ಅವರನ್ನು ದಾಟಿ ಮೂರು ನಾಲ್ಕು ಜನ ನನ್ನ ಮೇಲೆ ಬಿದ್ದರು. ಕೂದಲು ಹಿಡಿದು ಎಳೆದರು. ಎರಡೂ ತಂಡದವರು ಸ್ಟಿಕ್ ತಿರುಗಿಸಿ ಒಬ್ಬರ ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ ಇನ್ನೊಬ್ಬರು ಬಾರಿಸತೊಡಗಿದರು. ಹಲ್ಲು ಉದುರಿದವನೊಬ್ಬ ಬಾಯಿಗೆ ಕೈ ಒಡ್ಡಿಕೊಂಡೇ ಇನ್ನೊಬ್ಬನನ್ನು ಒದೆಯುತ್ತಿದ್ದ.

ರಫೀಕ್ ಗೋಲ್ ಬಿಟ್ಟು ಓಡಿ ಬಂದ. ಕಾಲಿಗೆ ದಪ್ಪ ಪ್ಯಾಡ್ ಇತ್ತು, ಹೆಲ್ಮೆಟ್ ಮಾತ್ರ ಬಿಚ್ಚಿ ಎಸೆದಿದ್ದ. "ಟೀಚರ್‌ನ ಬಿಡ್ರೋ!" ಎನ್ನುತ್ತಾ ನನ್ನನ್ನು ತಬ್ಬಿಕೊಂಡಂತೆ ಅಡ್ಡ ನಿಂತ. ನನ್ನ ಕೈಗೆಂದು ಬೀಸಿದ ಸ್ಟಿಕ್ ಅವನ ಕಿವಿಯ ಹಿಂಭಾಗಕ್ಕೆ ಬಡಿಯಿತು. ಬೀಸಿದವನು ಬೆಳ್ಯಪ್ಪನ ಭಾವಮೈದ, ಅದೇ ತಂಡದ ಹಾಫ್‌ಬ್ಯಾಕ್. ರಫೀಕ್ ಚೀರಲೂ ಇಲ್ಲ. ನಿಂತ ಜಾಗದಲ್ಲೇ ಕುಸಿದ. ಕಿವಿಯಿಂದ ರಕ್ತ, ಗೊರಕೆಯಂಥ ಉಸಿರು.

ಬೆಳ್ಯಪ್ಪನ ಮುಖ ಬಿಳಿಚಿತು. ನನ್ನ ಬಾಯಿಂದ ಬಂದದ್ದು ಕ್ಲಾಸಿನಲ್ಲಿ ಬರುವ ದನಿಯೇ: "ಏನೋ ನೋಡ್ತೀಯ, ಕಾಲು ಹಿಡಿ!" ಅವನು ಕಾಲು ಹಿಡಿದ, ನಾನು ತಲೆ ಹಿಡಿದೆ. ಗೋಲಿನ ಹಿಂದೆಯೇ ಹಳೇ ನೆಟ್ಟು, ಗೆರೆ ಎಳೆಯುವ ಸುಣ್ಣದ ಚೀಲ ಇಡುವ ತಗಡಿನ ಶೆಡ್ ಇತ್ತು. ಒಳಗೆ ನುಗ್ಗಿ ಚಿಲಕ ಹಾಕಿದೆವು. ಮರುಕ್ಷಣವೇ ಬಾಗಿಲಿಗೆ ಏಟು ಬೀಳತೊಡಗಿತು. ಒಂದೊಂದು ಏಟಿಗೂ ತಗಡು ಒಳಕ್ಕೆ ಉಬ್ಬುತ್ತಿತ್ತು.

ನನ್ನ ಫೋನ್ ಸ್ಕೋರರ್ ಟೇಬಲ್ಲಿನ ಕೆಳಗೆ ಬ್ಯಾಗಿನಲ್ಲಿತ್ತು. ಆಟಗಾರರ ಫೋನೆಲ್ಲ ಅವರವರ ತಂಡದ ಪಿಕಪ್‌ನಲ್ಲಿ. ಶೆಡ್ಡಿನೊಳಗೆ ಇದ್ದದ್ದು ಈ ವಾಚ್ ಒಂದೇ. 108 ಒತ್ತಿದೆ. ನೆಟ್‌ವರ್ಕ್ ಇಲ್ಲ. ಸುತ್ತಲೂ ತಗಡು, ಸಿಗ್ನಲ್ ಎಲ್ಲಿಂದ ಬರಬೇಕು? ಬ್ಯಾಟರಿ ಬೇರೆ ಕೊನೆಗೆ ಬಂದಿತ್ತು. ಸಿಗ್ನಲ್ ಕಡಿಮೆ ಇರುವ ಕಡೆ ಈ ವಾಚು ಟವರ್ ಹುಡುಕಿ ಹುಡುಕಿಯೇ ಅರ್ಧ ದಿನದಲ್ಲಿ ಸುಸ್ತಾಗುತ್ತದೆ; ಅದನ್ನು ಅಂಗಡಿಯವನು ಹೇಳಿರಲಿಲ್ಲ.

ಮೇಲೆ ಕೈ ತೂರುವಷ್ಟು ಅಗಲದ ಗಾಳಿಕಿಂಡಿ ಇತ್ತು. ಸುಣ್ಣದ ಚೀಲಗಳ ಮೇಲೆ ಹತ್ತಿ ಎಡಗೈಯನ್ನು ಆಚೆ ಚಾಚಿದೆ. ಸಿಗ್ನಲಿನ ಎರಡು ಕಡ್ಡಿ ಮೂಡಿದವು. ಮೂಡಿದ್ದೇ ತಡ, ವಾಚ್ ಮತ್ತೆ ರಿಂಗಾಯಿತು. ಬಲಗೈ ಬೆರಳನ್ನೂ ಕಿಂಡಿಯಿಂದ ತೂರಿಸಿ ಕಟ್ ಮಾಡಲು ಹೋಗಿ ಮತ್ತೆ ಅದೇ ಹಸಿರು ಬಟನ್.

"ಏ ಸುಮಾ, ಕೀ ಸಿಕ್ತು ಬಿಡು. ಬಾಗ್ಲ ಹಿಂದೆ ಮೊಳೆಗೇ ನೇತಾಕಿದ್ದೆ ನಾನು."

"ಫೋನ್ ಇಡ್ರೀ!" ಎಂದು ಕಿರುಚಿದೆ.

ಕೆಳಗೆ ರಫೀಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಬೆಳ್ಯಪ್ಪ ನನ್ನನ್ನೇ ನೋಡಿದ. "ಆಗಲೂ ಇದೇನಾ ಟೀಚರೇ?"

"ಇದೇ ಕಣೋ. ಇದಕ್ಕೇ ಹೊಡ್ದಾಡ್ತಾ ಇರೋದು ನೀವು."

ಅದೇ ಬೆರಳಿನಿಂದ 108 ಒತ್ತಿದೆ. ಈ ಸಲ ಹೋಯಿತು. ಆ ಕಡೆಯಿಂದ ಹೆಣ್ಣುಮಗಳೊಬ್ಬಳು, "ಉಸಿರಾಡ್ತಿದ್ದಾರಾ ಮೇಡಂ? ಜಾಗ ಯಾವುದು? ಹತ್ರ ಗುರುತು ಏನಿದೆ?" ಎಂದು ಕೇಳತೊಡಗಿದಳು. ಹೇಳುತ್ತಿದ್ದೆ. ಹೊರಗಿದ್ದವರಿಗೆ ಕಿಂಡಿಯಲ್ಲಿ ಕೈ ಕಂಡಿತು, ಕೈಯಲ್ಲಿ ವಾಚ್ ಕಂಡಿತು. "ಮತ್ತೆ ಮಾತಾಡ್ತಾ ಇದಾಳೆ ನೋಡ್ರೋ!" ಮೊದಲ ಏಟು ತಗಡಿಗೆ ಬಿತ್ತು. ಎರಡನೆಯದು ಮುಂಗೈಗೆ. ಕಣ್ಣು ಕತ್ತಲಾಯಿತು. ಕೈ ಒಳಗೆಳೆದುಕೊಂಡರೆ ಲೈನ್ ಕಟ್. ಗುರುತು ಹೇಳದೆ ಕಟ್ಟಾದರೆ ಆಂಬುಲೆನ್ಸ್ ಎಸ್ಟೇಟ್ ರಸ್ತೆಗಳಲ್ಲಿ ಸುತ್ತುತ್ತದೆ, ರಫೀಕ್ ಇಲ್ಲೇ ಸಾಯುತ್ತಾನೆ. ಕೈ ಅಲ್ಲೇ ಇಟ್ಟು, ಕವಲು ದಾರಿಯ ವಾಟರ್ ಟ್ಯಾಂಕಿನ ಎಡಕ್ಕೆ ಎಂದು ಹೇಳಿದೆ. ಮೂರನೆಯ ಏಟಿಗೆ ಮೂಳೆ ಹೋಯಿತು. "ಗೊತ್ತಾಯ್ತು ಮೇಡಂ, ಗಾಡಿ ಹೊರಡ್ತಾ ಇದೆ, ಪೊಲೀಸಿಗೂ ಹೇಳ್ತೀವಿ," ಎಂಬ ಮಾತು ಕೇಳಿದ ಮೇಲೆಯೇ ಕೈ ಒಳಗೆ ತೆಗೆದುಕೊಂಡದ್ದು. ತೆಗೆದುಕೊಂಡೆ ಎನ್ನುವುದಕ್ಕಿಂತ ಅದು ತಾನಾಗಿ ಬಿತ್ತು.

ಬೆಳ್ಯಪ್ಪ ನೆಟ್ಟನ್ನು ಸುತ್ತಿ ರಫೀಕನ ತಲೆ ಕೆಳಗಿಟ್ಟ. ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದ, ನಾನೇ ಕಲಿಸಿದ ಹಾಗೆ. ಆಮೇಲೆ ಎದ್ದು ಚಿಲಕ ತೆಗೆದ.

"ಲೋ, ಸಾಯ್ತೀಯ," ಎಂದೆ.

"ಜೀಪ್ ತೆಗೆಸ್ದೆ ಇದ್ರೆ ಆಂಬುಲೆನ್ಸ್ ಒಳಗೆ ಬರಲ್ಲ ಟೀಚರೇ."

ಬಾಗಿಲು ತೆರೆದದ್ದೇ ಯಾರೆಂದು ನೋಡದೆ ಒಬ್ಬ ಬೀಸಿದ. ಬೆಳ್ಯಪ್ಪನ ಮೇಲ್ತುಟಿ ಸೀಳಿ ಎರಡು ಹಲ್ಲು ಹೋದವು. ಅವನು ಬಾಗಿಲಿನ ಎರಡೂ ಕಡೆ ಕೈ ಊರಿ ನಿಂತ. "ಹೊಡೀರಿ. ಇನ್ನೊಂದು ಹೊಡೀರಿ. ಫೋನ್ ಮಾಡಿದ್ದು ಟೀಚರ್ ಮನೆಯವ್ರು, ನನ್ನ ಕಿವೀಲೇ ಕೇಳಿದೀನಿ. ಗೋಲು ಅಲ್ಲ ಅದು, ಬಾಲ್ ಹೊರಗೆ ಹೋಗಿರ್ಲಿಲ್ಲ, ಹೊಡೆದೋನು ನಾನೇ ಹೇಳ್ತಿದೀನಿ. ಒಳಗೆ ರಫೀಕ್ ಸಾಯ್ತಾ ಇದಾನೆ. ಜೀಪ್ ತೆಗೀರೋ!" ಗುಂಪಿನ ಹಿಂದೆ ನಿಂತಿದ್ದ ಭಾವಮೈದನನ್ನು ಬೆರಳು ಮಾಡಿ ತೋರಿಸಿದ. "ಅವ್ನು ಸತ್ರೆ ನಿನ್ನ ಸ್ಟೇಷನ್ನಿಗೆ ನಾನೇ ಕರ್ಕೊಂಡು ಹೋಗ್ತೀನಿ."

ರಕ್ತ ಉಗುಳುತ್ತಾ ಮಾತಾಡುವ ಕ್ಯಾಪ್ಟನ್‌ನ ಮುಂದೆ ಸ್ಟಿಕ್‌ಗಳು ಒಂದೊಂದಾಗಿ ಕೆಳಗಿಳಿದವು. ಆಂಬುಲೆನ್ಸ್ ಬರುವಷ್ಟರಲ್ಲಿ ದಾರಿ ತೆರವಾಗಿತ್ತು. ರಫೀಕನನ್ನು ಗ್ಯಾಲರಿಯ ಹಲಗೆಯ ಮೇಲೆ ಹೊತ್ತು ತಂದದ್ದು ಎರಡೂ ತಂಡದವರು. ಗಾಡಿಯ ಡ್ರೈವರ್ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ: "ಇಷ್ಟು ಜನ ಇದ್ದೀರಾ, ನಮಗೆ ಬಂದಿದ್ದು ಒಂದೇ ಕಾಲ್." ಆಟ ನೋಡಲು ಬಂದವರೆಲ್ಲರ ಕೈಯಲ್ಲೂ ಫೋನಿತ್ತು. ಎಲ್ಲರೂ ವಿಡಿಯೋ ಮಾಡುತ್ತಿದ್ದರು.

ಮೈಸೂರಿನಲ್ಲಿ ರಫೀಕನ ತಲೆಗೆ ಆಪರೇಷನ್ ಆಯಿತು. ಬದುಕಿದ. ಒಂದು ಕಿವಿ ಹೋಯಿತು, ಆಗಾಗ ಫಿಟ್ಸ್ ಬರುತ್ತದೆ, ಗೋಲ್‌ಕೀಪಿಂಗ್ ಮುಗಿಯಿತು. ಪೊಲೀಸರ ಮುಂದೆ ಬೆಳ್ಯಪ್ಪ ಕಂಡದ್ದನ್ನು ಕಂಡ ಹಾಗೇ ಹೇಳಿದ. ಹೆಂಡತಿಯ ತವರಿನವರು ಈಗಲೂ ಅವನ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಪಂದ್ಯದ ಸಮಿತಿ ನನ್ನ ವಾಚ್ ತರಿಸಿ ಕರೆಗಳನ್ನೆಲ್ಲ ನೋಡಿತು. ಆ ಒಂದು 108 ಬಿಟ್ಟರೆ ಉದ್ದಕ್ಕೂ ಮಂಜುನಾಥರೇ. ಅಧ್ಯಕ್ಷರು ಕನ್ನಡಕ ತೆಗೆದು, "ನಿಮ್ಮ ಮನೆಯವರು ದಿನಾ ಇಷ್ಟು ಸಾಮಾನು ಕಳ್ಕೊಳ್ತಾರಾ ಮೇಡಂ?" ಎಂದರು. ಅಂದಿನಿಂದ ಅಂಪೈರ್‌ಗಳ ಕೈಯಲ್ಲಿ ಸಿಮ್ ಇರುವ ವಾಚ್ ನಿಷೇಧ. ಸರಿಯಾದ ನಿಯಮ. ಸ್ಕೋರರ್ ಟೇಬಲ್ಲಿನಲ್ಲಿ 108ಕ್ಕೆ ಕರೆ ಮಾಡಲಿಕ್ಕೆಂದೇ ಒಬ್ಬರನ್ನು ಕೂರಿಸಬೇಕು ಎಂದು ಹಠ ಹಿಡಿದು ಇನ್ನೊಂದು ನಿಯಮ ಮಾಡಿಸಿದೆ.

ಹಾಗಾದರೆ ವಾಚಿಗೆ ಬೇರೆ ಪ್ಲಾನ್ ಬೇಕಾ, ಬೇಡವಾ? ಈಗ ಯಾರು ಕೇಳಿದರೂ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಫೋನ್ ಇಲ್ಲದೆ ನೀನು ಒಂಟಿಯಾಗಿ ಎಲ್ಲಿರುತ್ತೀಯ, ಅಲ್ಲಿ ಬಿದ್ದರೆ ಯಾರನ್ನು ಕರೆಯುತ್ತೀಯ? ಉತ್ತರ ಇದ್ದರೆ ಹಾಕಿಸು. ಟವೆಲ್ ಹುಡುಕುವ ಗಂಡನಿಗೋಸ್ಕರವಾದರೆ ಬೇಡ. ಹಾಕಿಸಿದರೂ, ಬೇಡದ ಹೊತ್ತಿನಲ್ಲಿ ಕರೆ ಒಳಗೆ ಬಾರದಂತೆ ಮಾಡುವುದನ್ನು ಮೊದಲು ಕಲಿ.

ನನ್ನ ಕೈಗೆ ಆ ವಾಚ್ ಇನ್ನು ಬೇಕಿರಲಿಲ್ಲ. ರಫೀಕ್ ಮಾತ್ರ ಡಾಕ್ಟರ್ ಬೇಡವೆಂದರೂ ಬೆಳಿಗ್ಗೆ ಒಬ್ಬನೇ ಎಸ್ಟೇಟ್ ರಸ್ತೆಯಲ್ಲಿ ಓಡಲು ಹೋಗುತ್ತಾನೆ, ಫೋನ್ ಒಯ್ಯುವುದಿಲ್ಲ. ಮನುಷ್ಯ ಬಿದ್ದು ಅಲ್ಲಾಡದಿದ್ದರೆ ತಾನೇ ಕರೆ ಮಾಡುವ ವ್ಯವಸ್ಥೆ ಈ ವಾಚಿನಲ್ಲಿದೆ. ಅದನ್ನು ಅವನ ನಂಬರಿಗೆ ಜೋಡಿಸಿ, ಪ್ಲಾನ್ ಹಾಕಿಸಿ, ಗ್ಯಾರೇಜಿಗೆ ಹೋಗಿ ಕೈಗೆ ಕಟ್ಟಿದೆ. ಅವನು ಗ್ರೀಸ್ ಹತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಬೇಡ ಟೀಚರೇ. ಇದನ್ನ ಕಟ್ಕೊಂಡೋರಿಗೆ ಊರೋರು ಹೊಡೀತಾರೆ."

"ಬಿಚ್ಚಿದ್ರೆ ನಾನು ಹೊಡೀತೀನಿ," ಎಂದೆ. ಅವನು ಬಿಚ್ಚಿಲ್ಲ.

ಇಷ್ಟು ನನ್ನ ಕಥೆ. ನೀವು ಹೇಳಿ. ಫೋನ್ ಕೈಗೆ ಸಿಗದ ಹೊತ್ತಿನಲ್ಲಿ ನಿಮಗೇನಾಯಿತು? ಯಾರು ಬಂದರು, ಯಾರು ನಿಂತು ವಿಡಿಯೋ ಮಾಡಿದರು? ಕೆಳಗೆ ಬರೆಯಿರಿ, ಒಂದೂ ಬಿಡದೆ ಓದುತ್ತೇನೆ.