ಮಂತ್ರಿಗಳ ಭಾಷಣ ಮತ್ತು ನನ್ನ ಐದನೇ ಜಮಾತು

ಬೇಸಿಗೆಯ ಸಂಜೆ ಕಾದ ಫರ್ಸಿಕಲ್ಲಿನ ಮೇಲೆ ನೀರು ಚೆಲ್ಲಿದಾಗ ಏಳುವ ವಾಸನೆಗೆ ನಾನು ಇಂದಿಗೂ ನಿಂತುಬಿಡುತ್ತೇನೆ. ಅದು ಮೊದಲ ಮಳೆಯ ಮಣ್ಣಿನ ವಾಸನೆಯಲ್ಲ. ಅದರಲ್ಲಿ ಸುಣ್ಣದ ಒಗರಿದೆ, ಹಗಲಿನ ಬಿಸಿಯಿದೆ. ಸೇಡಮ್ಮಿನ ನಮ್ಮ ಮನೆಯಲ್ಲಿ ಅಂಗಳದಿಂದ ಅಡಿಗೆಮನೆಯವರೆಗೆ ಶಹಾಬಾದಿನ ಕಲ್ಲೇ ಹಾಸಿತ್ತು. ಅಪ್ಪ ತಹಸೀಲ ಕಚೇರಿಯಿಂದ ಬಂದು ಶೇರವಾನಿ ಬಿಚ್ಚಿ ಗೂಟಕ್ಕೆ ಹಾಕುವ ಹೊತ್ತಿಗೆ ಅವ್ವ ಕೊಡದಿಂದ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಕಲ್ಲು ತಣ್ಣಗಾದ ಮೇಲೆ ಇಬ್ಬರೂ ಅದರ ಮೇಲೆ ಕೂತು ವಾದಕ್ಕೆ ಇಳಿಯುತ್ತಿದ್ದರು. ಜಗಳವೆನ್ನಲಾರೆ. ಇಬ್ಬರೂ ದನಿ ಏರಿಸುತ್ತಿರಲಿಲ್ಲ, ಇಬ್ಬರೂ ಬಿಟ್ಟುಕೊಡುತ್ತಿರಲಿಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂಥ ಎರಡು ದನಿಗಳು ಇದ್ದಿರಬೇಕು. ಯಾವುದು ಮೊದಲು ನಿಂತಿತು ಎಂಬುದು ನಿಮಗೂ ನೆನಪಿರಬೇಕು.

ನಾನು ದಿನಚರಿ ಬರೆಯತೊಡಗಿದ್ದು ಹೈದರಾಬಾದಿನಲ್ಲಿ ಬಿ.ಎ. ಓದುವಾಗ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಇಷ್ಟು ಖಚಿತ: ನಿಜಾಮರ ಆಳ್ವಿಕೆ ಮುಗಿದಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ, ನಾನು ನಾಲ್ಕನೇ ಜಮಾತಿನಲ್ಲಿದ್ದೆ, ಅಂದರೆ ನಾಲ್ಕನೇ ತರಗತಿಯಲ್ಲಿ. ನಮ್ಮೂರಲ್ಲಿ ಹೆಣ್ಣುಮಕ್ಕಳ ಶಾಲೆ ನಾಲ್ಕಕ್ಕೇ ಮುಗಿಯುತ್ತಿತ್ತು. ಆಮೇಲೆ ಹುಡುಗಿಯರು ಮನೆಯಲ್ಲಿ ಕೂರುತ್ತಿದ್ದರು. ಅಪ್ಪ ಅವ್ವ ಇಬ್ಬರಿಗೂ ನಾನು ಮುಂದೆ ಓದಬೇಕೆಂಬ ಹಟ. ಅದಕ್ಕೆ ದಾರಿ ಯಾವುದೆಂಬಲ್ಲಿ ಮಾತ್ರ ಅವರು ಎಂದೂ ಒಂದಾಗಲಿಲ್ಲ.

ಹೈದರಾಬಾದಿನಿಂದ ಒಬ್ಬ ಮಂತ್ರಿ ಬಂದು ಶಾಲೆಯ ಮಕ್ಕಳನ್ನು ಉದ್ದೇಶಿಸಿ ಮಾತಾಡುತ್ತಾರೆಂದು ಸುದ್ದಿ ಬಂತು. ಸ್ವಾಗತವನ್ನು ಕನ್ನಡದಲ್ಲಿ ಓದಲು ನನ್ನನ್ನು ಆರಿಸಿದ್ದರು. ಅಪ್ಪ ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡವನ್ನು ನನ್ನ ಪುಸ್ತಕದ ಮೇಲೆ ಬೆರಳಿಟ್ಟು ಆಗಷ್ಟೇ ಕಲಿಯುತ್ತಿದ್ದರು. ಮಗಳು ದೊಡ್ಡವರೆದುರು ಕನ್ನಡ ಓದುತ್ತಾಳೆಂದು ಅವರ ಕಣ್ಣು ತುಂಬಿತ್ತು.

"ನಾವು ಸಣ್ಣವರಿದ್ದಾಗ ನಿಜಾಮ ಹುಜೂರರ ಸಾಲಗಿರಾಕ್ಕ, ಅವರು ಹುಟ್ಟಿದ ದಿನಕ್ಕ, ನಮ್ಮನ್ನ ಸಾಲಿ ಮುಂದ ನಿಂದರಸ್ತಿದ್ರು," ಎಂದರು ಅಪ್ಪ. "ದುವಾ ಹೇಳೋದು, ಪೇಡೆ ತಿನ್ನೋದು, ಮನಿಗಿ ಬರೋದು. ಒಬ್ಬರೂ ನಮ್ಮ ಕೂಡ ಮಾತಾಡ್ಲಿಲ್ಲ. ಈಗ ನಮ್ಮವರೇ ಬಂದು ಕೂಸುಗಳ ಮುಂದ ಮಾತಾಡ್ತೀನಿ ಅನ್ನಾಕತ್ತಾರ."

"ಆಗ ಪೇಡೆರ ಕೊಡ್ತಿದ್ರು," ಎಂದಳು ಅವ್ವ.

ಅವ್ವ ಮಳಖೇಡದವಳು. ಶಾಲೆ ಕಂಡವಳಲ್ಲ, ತವರಿನಲ್ಲಿ ಅವಳ ಅಪ್ಪ ಪೂಜೆಯ ಹೊತ್ತಿನಲ್ಲಿ ವಚನಗಳ ಮೇಲೆ ಅಕ್ಷರ ಕಲಿಸಿದ್ದರು. ಮಂತ್ರಿಗಳು ಮಕ್ಕಳ ಮುಂದೆ ಮಾತಾಡುವುದು ಅವಳಿಗೆ ಸುತರಾಂ ಸೇರುತ್ತಿರಲಿಲ್ಲ. "ದೊಡ್ಡವರ ಮುಂದ ಹೇಳಿದ್ರ ಯಾರರ ಎದ್ದು ಸವಾಲು ಹಾಕ್ತಾರ. ಅದಕ್ಕ ಸಣ್ಣವರಿಗಿ ಕುಂದರಸ್ತಾರ. ಕೂಸುಗಳು ಚಪ್ಪಾಳಿ ಬಡೀತಾವ, ಮಾತು ಮುಗೀತದ. ನಮ್ಮ ಶರಣಿ ಹೋಗ್ಲಿ, ಆದ್ರ ಐದನೇ ಜಮಾತು ತೆಗೀರಿ ಅಂತ ಬಾಯಿಬಿಟ್ಟು ಹೇಳ್ಲಿ."

"ಹಂಗ ಹೇಳಬಾರದು," ಎಂದರು ಅಪ್ಪ. "ಕೂಸಿನ ಬಾಯಿಲೆ ಅರ್ಜಿ ಹೇಳಸಾದು ಛಲೋ ಅಲ್ಲ. ಇಷ್ಟು ಚಂದ ಓದೋ ಹುಡುಗಿಗಿ ನೋಡಿದ್ರ ಅವರಿಗೇ ತಿಳೀತದ."

ಸ್ವಾಗತವನ್ನು ಅಪ್ಪನೇ ಬರೆದರು. ಮೊದಲು ಉರ್ದುವಿನಲ್ಲಿ, ಆಮೇಲೆ ನನಗೆ ಹೇಳಿ ಕನ್ನಡದಲ್ಲಿ ಬರೆಸಿ. ಇಪ್ಪತ್ತು ವರ್ಷ ಕಚೇರಿಯ ಕಾಗದ ಬರೆದ ಕೈ ಅದು. ಮೇಲಿನವರ ಹೆಸರಿಗೆ ಸಲ್ಲಬೇಕಾದ ಗೌರವವೆಲ್ಲ ಸಂದ ಹೊರತು ವಿಷಯಕ್ಕೆ ಬರುತ್ತಿರಲಿಲ್ಲ. ದಯಾಸಾಗರರು, ದೀನರ ಆಧಾರ, ತಮ್ಮ ಆಗಮನದಿಂದ ಪುನೀತವಾದ ಈ ಗ್ರಾಮ ಎಂದೆಲ್ಲ ಬೆಳೆದು ವಿಷಯ ಬರುವ ಮೊದಲೇ ಹಾಳೆ ತುಂಬಿತು. ಅವ್ವ ರೊಟ್ಟಿ ಬಡಿಯುತ್ತಲೇ ಪೂರ್ತಿ ಓದಿಸಿ ಕೇಳಿದಳು. "ಏನ್ರಿ ಇದು, ಸ್ವಾಗತೋ ದರಖಾಸ್ತೋ?" ಎಂದಳು. ಸ್ವಾಗತವೆಂದು ಅಪ್ಪ ಹೇಳಿದಾಗ, "ದರಖಾಸ್ತಿದ್ರ ಛಲೋ ಇತ್ತು. ಬೇಡೋದೊಂದರ ಇರ್ತಿತ್ತು," ಎಂದಳು.

ಆ ದಿನ ಬಿಸಿಲಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಬೇರೆ ಎಷ್ಟೋ ಮೆರವಣಿಗೆಗಳ ಬಿಸಿಲನ್ನು ನಾನು ಆ ದಿನಕ್ಕೆ ಬಳಿದಿರಬಹುದು. ಶಾಮಿಯಾನದ ಕೆಳಗೆ ಕುರ್ಚಿಗಳಿದ್ದವು, ನಾವು ಮಕ್ಕಳು ಹೊರಗೆ ನೆಲದ ಮೇಲೆ ಸಾಲಾಗಿ ಕೂತಿದ್ದೆವು, ಊರ ಹೆಂಗಸರು ಕಂಪೌಂಡಿನ ಮೋಟುಗೋಡೆಯಾಚೆ ಸೆರಗು ಹೊದ್ದು ನಿಂತಿದ್ದರು. ಗಾಡಿ ತಡವಾಗಿ ಬಂತು; ಮಂತ್ರಿಗಳಿಗೆ ಮುಂದೆ ವಾಡಿ ಜಂಕ್ಷನ್ನಿಗೆ ಹೋಗುವ ಅವಸರ. ನಾನು ಅಪ್ಪನ ದಯಾಸಾಗರವನ್ನೆಲ್ಲ ಒಂದಕ್ಷರ ಬಿಡದೆ ಓದಿದೆ. ಅವರು ಮೆಚ್ಚಿ, ಯಾವ ಜಮಾತು ಎಂದು ಉರ್ದುವಿನಲ್ಲಿ ಕೇಳಿದರು. ನಾಲ್ಕು ಎಂದೆ. ನನ್ನ ತಲೆಯ ಮೇಲೆ ಕೈಯಿಟ್ಟು, ಈ ಹುಡುಗಿ ಮುಂದೆ ಓದಬೇಕು, ಎಲ್ಲ ಹುಡುಗಿಯರೂ ಮುಂದೆ ಓದಬೇಕು ಎಂದು ಜನರ ಕಡೆ ತಿರುಗಿ ಹೇಳಿದರು. ಚಪ್ಪಾಳೆ ಬಿತ್ತು. ನಾನೂ ಬಡಿದೆ.

ಚಪ್ಪಾಳೆ ನಿಲ್ಲುವಾಗ ಗೋಡೆಯಾಚೆಯಿಂದ ಅವ್ವನ ದನಿ ಬಂತು: "ಮುಂದ ಎಲ್ಲಿ ಓದಬೇಕ್ರಿ ಅಕಿ?"

ಮಂತ್ರಿಗಳು ತಿರುಗಿ ನೋಡಿದರೆಂದು ನನ್ನ ನೆನಪು. ಅಷ್ಟರಲ್ಲಿ ಬ್ಯಾಂಡು ಶುರುವಾಗಿತ್ತು, ಅವರಿಗೆ ಏನೂ ಕೇಳಿಸಿರಲಿಲ್ಲವೆಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಆ ಮಾತು ಅವ್ವ ಅಂದದ್ದೋ, ಮನೆಯಲ್ಲಿ ಮತ್ತೆ ಮತ್ತೆ ಕೇಳಿ ನಾನೇ ಆ ಗೋಡೆಯಾಚೆ ಕೂರಿಸಿಕೊಂಡದ್ದೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ದೊಡ್ಡವಳಾದ ಮೇಲೆ ಅವ್ವನನ್ನೇ ಕೇಳಿದ್ದೆ. "ಅವರಿಗಿ ಕೇಳಿಸ್ತೋ ಇಲ್ಲೋ ನನಗ ಗೊತ್ತಿಲ್ಲ. ನಾ ಅಂದೀನಿ," ಎಂದಳು.

ಅಂದು ಸಂಜೆ ಅಪ್ಪ ಶೇರವಾನಿ ಬಿಚ್ಚದೆ ಕೂತಿದ್ದರು. "ನಾಳಿ ಕಚೇರಿಯೊಳಗ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದರು.

"ಕಚೇರಿಗಿ ಹ್ಯಾಂಗರ ತೋರಸ್ರಿ. ಜೂನಿನ್ಯಾಗ ಮಗಳಿಗಿ ಹ್ಯಾಂಗ ತೋರಸ್ತೀರಿ, ಅದು ನೋಡ್ರಿ."

ಜೂನ್ ಬಂತು. ಹೈದರಾಬಾದಿನಿಂದ ಏನೂ ಬರಲಿಲ್ಲ. ನನ್ನ ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಕಸೂತಿಗೂ ಅಡಿಗೆಗೂ ಕೂತರು. ಒಂದು ಬೆಳಿಗ್ಗೆ ಅಪ್ಪ ರಜೆಯ ದಿನವಲ್ಲದಿದ್ದರೂ ಕಚೇರಿಗೆ ಹೋಗದೆ, ಒಗೆದ ಶೇರವಾನಿ ತೊಟ್ಟು, ನನ್ನ ಕೈ ಹಿಡಿದು ಗಂಡುಮಕ್ಕಳ ಮಿಡಲ್ ಶಾಲೆಗೆ ಕರೆದೊಯ್ದರು. ಹೆಡ್ ಮಾಸ್ತರು ನಮ್ಮನ್ನು ನೋಡಿದ ಕೂಡಲೇ, "ಇಲ್ಲಿ ಹುಡುಗ್ಯಾರಿಗಿ ತಗೊಳೋ ಕಾಯ್ದೆ ಇಲ್ರಿ," ಎಂದರು. ಬದುಕಿನಲ್ಲಿ ಎಂದೂ ಮೇಲಿನವರಿಗೆ ಎದುರಾಡದ ನನ್ನಪ್ಪ ಕುರ್ಚಿಯಲ್ಲಿ ಕೂರದೆ ನಿಂತೇ ಉತ್ತರ ಕೊಟ್ಟರು.

"ಮಂತ್ರಿ ಸಾಹೇಬರು ಊರ ಮಂದಿ ಮುಂದ ಇಕಿ ತಲಿ ಮ್ಯಾಲ ಕೈ ಇಟ್ಟು ಹುಕುಂ ಮಾಡ್ಯಾರ, ಈ ಹುಡುಗಿ ಮುಂದ ಓದಬೇಕಂತ. ನೀವೂ ಅಲ್ಲೇ ಕುಂತಿದ್ರಿ, ಚಪ್ಪಾಳಿ ಬಡದ್ರಿ. ಆ ಹುಕುಂ ರದ್ದು ಆಗ್ಯಾದೇನ್ರಿ?"

ಭಾಷಣವನ್ನು ಹುಕುಮೆಂದು ತಿಳಿಯಬಹುದೆಂದು ಆ ಮಾಸ್ತರಿಗೆ ಹೊಳೆದಿರಲಿಕ್ಕಿಲ್ಲ. ಕಚೇರಿಯ ಗುಮಾಸ್ತನೊಬ್ಬನಿಗೆ ಮಾತ್ರ ಹೊಳೆಯುವ ಮಾತು ಅದು. ಮಾಸ್ತರು ಹಾಜರಿ ಪುಸ್ತಕ ತರಿಸಿ ನನ್ನ ಹೆಸರು ಬರೆದರು. ಬರೆದು ಮುಗಿಯುವವರೆಗೂ ಅಪ್ಪ ನನ್ನ ಕೈ ಬಿಡಲಿಲ್ಲ. ಇದೊಂದನ್ನು ನಾನು ಯಾವ ಅನುಮಾನವೂ ಇಲ್ಲದೆ ಬರೆಯುತ್ತೇನೆ.

ಮನೆಗೆ ಬಂದು ಅಪ್ಪ, "ನೋಡಿದೇನು, ಭಾಷಣ ಉಪಯೋಗಕ್ಕ ಬಂತು," ಎಂದರು. ಅವ್ವ ನನ್ನ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆಯುತ್ತ, "ಭಾಷಣ ಅವರದು. ನಡಕೊಂಡು ಹೋದವರು ನೀವು," ಎಂದಳು. ಅಷ್ಟಕ್ಕೆ ಅಪ್ಪ ನಕ್ಕುಬಿಟ್ಟರು, ಆದರೆ ಸೋಲೊಪ್ಪಲಿಲ್ಲ. ಮುಂದೆ ಊರಿಗೆ ಯಾವ ನಾಯಕರು ಬಂದರೂ ಅಪ್ಪ ಮುಂದಿನ ಸಾಲಿನಲ್ಲಿರುತ್ತಿದ್ದರು, ಅವ್ವ ಮನೆಯಲ್ಲಿ. ಹಿಂತಿರುಗಿದವರನ್ನು ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಯಾರರ ಎದ್ದು ಏನರ ಕೇಳಿದ್ರೇನು?"

ಯಾರ ಮಾತು ಸರಿ ಎಂದು ನಾನು ಒಂದೊಂದು ವಯಸ್ಸಿನಲ್ಲಿ ಒಂದೊಂದು ತೀರ್ಪು ಬರೆದಿಟ್ಟಿದ್ದೇನೆ. ಗಂಡುಹುಡುಗರ ನಡುವೆ ಒಬ್ಬಳೇ ಕೂತು ಓದುತ್ತಿದ್ದಾಗ ಅಪ್ಪನ ಕಡೆಗಿದ್ದೆ. ಕಾಲೇಜಿನಲ್ಲಿ ಅವ್ವನ ಕಡೆಗೆ ಬಂದೆ. ಈಗ ಎರಡೂ ಕಡೆ ಇದ್ದೇನೆ, ಅಂದರೆ ಎಲ್ಲಿಯೂ ಇಲ್ಲ. ಮೊದಲು ಅಪ್ಪ ಹೋದರು. ಅವ್ವ ಕೆಲವು ವರ್ಷ ಒಬ್ಬಳೇ ಎರಡೂ ಪಕ್ಷದ ಮಾತಾಡುತ್ತಿದ್ದಳು, ಅಪ್ಪ ಏನನ್ನುತ್ತಿದ್ದರೋ ಅದನ್ನು ತಾನೇ ಹೇಳಿ ಅದಕ್ಕೆ ತಾನೇ ಉತ್ತರ ಕೊಡುತ್ತಿದ್ದಳು. ಆಮೇಲೆ ಅವಳೂ ಹೋದಳು. ಮನೆಯಿದ್ದ ಜಾಗದಲ್ಲಿ ಅಂಗಡಿಗಳು ಎದ್ದಿವೆ. ನಾನು ಚೆನ್ನಾಗಿಯೇ ಇದ್ದೇನೆ, ನನ್ನ ಮಾತಿಗೆ ಗೌರವ ಕೊಡುವವರು ಬೇಕಾದಷ್ಟಿದ್ದಾರೆ. ನನ್ನ ಸಲುವಾಗಿ ಒಬ್ಬರ ಮಾತನ್ನು ಒಬ್ಬರು ಒಪ್ಪದೆ ರಾತ್ರಿಯ ಊಟ ತಣ್ಣಗಾಗಲು ಬಿಟ್ಟು ಕೂರುವವರು ಮಾತ್ರ ಈಗ ಯಾರೂ ಇಲ್ಲ.