ಕೂದಲೆಳೆಯಷ್ಟು ಸಡಿಲ

ಚರ್ಚಿನಲ್ಲಿ ಎಲ್ಲರೂ ಅವರನ್ನು ಪಿಟೀಲು ಮೇಷ್ಟ್ರು ಎನ್ನುತ್ತಾರೆ. ವಾರದ ಆರು ದಿನ ಅವರು ಗಡಿಯಾರ ರಿಪೇರಿಯವರು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೂ ಜಾಗವಿಲ್ಲದ ಅಂಗಡಿ. ಒಂಬತ್ತನೇ ವಯಸ್ಸಿನಲ್ಲಿ ಪಾದ್ರಿಯೊಬ್ಬರು ಅವರ ಗಲ್ಲದಡಿ ಪಿಟೀಲಿಟ್ಟು, "ಪ್ರಾರ್ಥನೆ ಮಾಡುವಾಗ ಕಿರುಚ್ತೀಯೇನೋ? ಇದೂ ಹಾಗೇ" ಎಂದಿದ್ದರು. ಆಮೇಲೆ ಮದುವೆ ಬ್ಯಾಂಡು, ಸ್ವಲ್ಪ ಕಾಲ ನಾಟಕದ ಕಂಪನಿ, ಕೊನೆಗೆ ನಲವತ್ತು ವರ್ಷ ಗಾಯಕವೃಂದದ ಬಲಗಡೆಯ ಅದೇ ಮರದ ಕುರ್ಚಿ.

ಮುಂದಿನ ಸಾಲಿನಲ್ಲಿ ಮೇಲುಸ್ವರ ಹಾಡುವವರು ಅವರ ಹೆಂಡತಿ. "ಚರ್ಚಲ್ಲಿ ಇವರು ಪಿಟೀಲು ಕುಯ್ತಾರೆ, ಮನೇಲಿ ನಾನು" ಎಂದು ಆಕೆ ನಗುತ್ತಿದ್ದರು.

ಎರಡು ವರ್ಷದ ಹಿಂದೆ ಚರ್ಚಿನ ಆರ್ಗನ್ನಿಗೆ ಗಾಳಿ ಊದುವ ತಿದಿಯನ್ನು ಇಲಿ ಕಡಿದು ಹಾಕಿತು. ಶ್ರುತಿ ಕೊಡುವ ಕೆಲಸ ಪಿಟೀಲಿನ ಪಾಲಿಗೆ ಬಂತು. ಅದೇ ಚಳಿಗಾಲದ ಒಂದು ಭಾನುವಾರ, ಹಾಡಿನ ತುತ್ತತುದಿಯಲ್ಲಿ ಹೆಂಡತಿಯ ದನಿ ಸೀಳಿತು.

"ಇನ್ನೊಂದು ಸಲ ಹೀಗಾದ್ರೆ ಹಾಡೋದೇ ಬಿಟ್ಟುಬಿಡ್ತೀನಿ ರೀ," ಎಂದರು ಮನೆಯಲ್ಲಿ ಬಟ್ಟೆ ಮಡಚುತ್ತ.

"ಶ್ರುತಿ ಸ್ವಲ್ಪ ಇಳಿಸಲಾ?"

"ನನ್ನೊಬ್ಬಳಿಗೋಸ್ಕರ ಎಲ್ಲರನ್ನೂ ಇಳಿಸ್ತೀರಾ? ಆ ಉಪಕಾರ ಬೇಡ."

ಮೇಷ್ಟ್ರು ವಾದಿಸಲಿಲ್ಲ. ಆದರೆ ಆ ವಾರದಿಂದ, ಪ್ರತಿ ಅಭ್ಯಾಸಕ್ಕೆ ಮುಂಚೆ, ನಾಲ್ಕು ತಂತಿಗಳನ್ನೂ ಕೂದಲೆಳೆಯಷ್ಟು ಸಡಿಲಿಸತೊಡಗಿದರು. ಗಡಿಯಾರದ ಸ್ಪ್ರಿಂಗಿಗೆ ಪಳಗಿದ ಬೆರಳುಗಳು, ಯಾರಿಗೂ ತಿಳಿಯಲಿಲ್ಲ. ಹೆಂಡತಿಯ ದನಿ ಮತ್ತೆ ತುದಿ ಮುಟ್ಟಿತು. "ಬಿಸಿನೀರು ಕುಡಿದದ್ದು ಹೇಗೆ ಕೆಲಸ ಮಾಡ್ತು ನೋಡಿ!" ಎಂದು ದಾರಿಯುದ್ದಕ್ಕೂ ಸಂಭ್ರಮಪಟ್ಟರು.

ಕಳೆದ ತಿಂಗಳು ಆರ್ಗನ್ ಸರಿಮಾಡುವವರು ಬಂದರು. ಅಭ್ಯಾಸದ ಹೊತ್ತಿಗೆ ಕೆಲಸ ಮುಗಿಸಿ ಒಂದು ಸ್ವರ ಒತ್ತಿದರು. ಪಕ್ಕದಲ್ಲೇ ಪಿಟೀಲು ನುಡಿಯಿತು. ಎರಡೂ ಕೂಡಲಿಲ್ಲ. ಎಲ್ಲರ ಮುಖವೂ ಹುಳ್ಳಗಾಯಿತು.

"ಏನಯ್ಯಾ, ನಿನಗಿಂತ ಇಲಿಗಳೇ ವಾಸಿ!" ಎಂದರು ಹಾಡುವವರಲ್ಲಿ ಹಿರಿಯರೊಬ್ಬರು, ಆರ್ಗನ್ ಸರಿಮಾಡಿದವರಿಗೆ.

"ಎರಡೆರಡು ಸಲ ನೋಡಿದೀನಿ ಸಾರ್." ಪಾಪ, ಅವರ ದನಿ ಸಣ್ಣಗಾಯಿತು.

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಅವರ ತಪ್ಪಲ್ಲ. ನನ್ನ ಕಿವಿ ಹೋಗಿದೆ. ಗೊತ್ತಾಗದ ಹಾಗೆ ಶ್ರುತಿ ಇಳಿದುಬಿಟ್ಟಿದೆ."

ಹೆಂಡತಿ ಗಂಡನನ್ನೇ ನೋಡಿದರು. ಪಕ್ಕದ ಮನೆಯ ಗಡಿಯಾರದ ಟಿಕ್‌ಟಿಕ್ ತಡವರಿಸಿದರೂ ಕೇಳಿಸಿ, ಊಟ ಬಿಟ್ಟು ಏಳುವ ಮನುಷ್ಯ.

"ದೇವರ ಮುಂದೆ ನಿಂತು ಸುಳ್ಳು ಹೇಳ್ತೀರಲ್ಲ ರೀ. ಎಷ್ಟು ದಿನದಿಂದ?"

"ನಿನ್ನ ದನಿ ಒಡೆದ ವಾರದಿಂದ."

ಆಕೆ ಹೊರಟೇಹೋಗುತ್ತಾರೆ ಎಂದುಕೊಂಡರು ಮೇಷ್ಟ್ರು. ಆಕೆ ಹಾಡಿನ ಪುಸ್ತಕ ಎತ್ತಿಕೊಂಡು ನಡೆದದ್ದು ಹಿಂದಿನ ಸಾಲಿಗೆ, ಕೆಳಸ್ವರ ಹಾಡುವ ಹೆಂಗಸರ ಹತ್ತಿರ.

"ಸ್ವಲ್ಪ ಜರುಗಿ ಅಕ್ಕ. ನಿಮ್ಮ ಭಾಗ ನನಗೆ ಬರಲ್ಲ. ಯಾವ ಗೆರೆ, ತೋರಿಸಿ." ಆಮೇಲೆ ಗಂಡನ ಕಡೆಗೆ: "ನೀವೇನು ನೋಡ್ತಾ ನಿಂತ್ರಿ? ಬಿಗಿ ಮಾಡ್ಕೊಳ್ಳಿ."

ಮೇಷ್ಟ್ರು ಕೂತು ತಂತಿ ಬಿಗಿಮಾಡತೊಡಗಿದರು. ಅವರು ನಾಲ್ಕನೇ ತಂತಿಗೆ ಬರುವಷ್ಟರಲ್ಲಿ ಆಕೆ ಹೊಸ ಗೆರೆಯನ್ನು ತಪ್ಪುತಪ್ಪಾಗಿ ಗುನುಗತೊಡಗಿದ್ದರು.